ಹಳದಿ ವೇಲು

14 ಜೂನ್, ಶುಕ್ರವಾರ

"ನೀನ್ ಕೈ ಹಾಕ್ಬೇಡ ಕಣೇ, ಸತ್ತೇ ಹೋಗ್ತವೆ." ನಾದಿನಿಯ ಎದುರು ನನ್ನ ಗಂಡ ಭಾನು ಅಂದದ್ದು ಇನ್ನೂ ಚುಚ್ಚುತ್ತಿದೆ. ಗಂಡನಂತೆ ಗಂಡ!

ಅವನು ತಂದ ಆ ಉಪ್ಪುನೀರಿನ ಕಿತ್ತಳೆ ಮೀನುಗಳು ಬಂದ ಹೊಸತರಲ್ಲಿ ಅಕ್ವೇರಿಯಂನ ಕಲ್ಲಿನ ಹಿಂದೆ ಅಡಗಿ ಏನೂ ತಿನ್ನುತ್ತಿರಲಿಲ್ಲ. ಅವನು ಆಫೀಸಿಗೆ ಹೋದ ಮೇಲೆ ಲೈಟು ಮಂಕು ಮಾಡಿ, ಆಗಾಗ ಚಿಟಿಕೆಯಷ್ಟು ಸೀಗಡಿ ಹಾಕಿ ಪಳಗಿಸಿದವಳು ನಾನು. ಪ್ರತಿ ಸಲವೂ ಹಳದಿ ವೇಲು ಹೊದ್ದು. ಈಗ ಆ ವೇಲು ಕಂಡರೆ ಸಾಕು, ಇಡೀ ಹಿಂಡು ಗಾಜಿನ ಹತ್ತಿರ ಬರುತ್ತದೆ.

ಇವತ್ತು ಅವನು ಸೀಗಡಿ ಹಾಕಿ ನೋಡಿದ. ಒಂದೂ ಬರಲಿಲ್ಲ.

"ನಿನ್ ಹತ್ರ ಮಾತ್ರ ಹೆಂಗ್ ಬರ್ತವೆ?"

"ನಂಗೇನ್ ಗೊತ್ತು," ಅಂದೆ.

ನಾಡಿದ್ದು ಅವನ ಮ್ಯಾನೇಜರ್ ಸಂಸಾರ ಸಮೇತ ಮೀನು ನೋಡಲು ಬರುತ್ತಾರಂತೆ. ಬರಲಿ, ಕಲ್ಲು ತೋರಿಸಲಿ. ನಾನು ತ್ಯಾಮಗೊಂಡ್ಲುವಿನ ಅಮ್ಮನ ಮನೆಗೆ ಹೋಗುತ್ತೇನೆ, ಹಳದಿ ವೇಲು ಹೊದ್ದುಕೊಂಡೇ.