ನಿಂತ ಎಣ್ಣೆ

ಡಿಸೆಂಬರ್ ೧೧, ಗುರುವಾರ

ಇವತ್ತೂ ಕದಲಲಿಲ್ಲ. ಮೊನ್ನೆ ಪಂಪು ಕೆಟ್ಟಿತು, ನಿನ್ನೆ ರಿಪೇರಿಯೂ ಆಯಿತು. ಅಷ್ಟರಲ್ಲಿ ಪೈಪಿನೊಳಗಿನ ಕಚ್ಚಾ ಎಣ್ಣೆ ತಣ್ಣಗಾಗಿ ಡಾಂಬರಿನಂತೆ ಕೂತುಬಿಟ್ಟಿದೆ. ತೆಳು ಎಣ್ಣೆ ಬೆರೆಸಿಯೇ ಕಳಿಸಬೇಕೆಂದು ಮುದುಕ ಫೋರ್‌ಮನ್ ಬಾಯಿ ಬಡಿದುಕೊಂಡಿದ್ದ. ಕಾಯಿಸಿದರೆ ಸಾಕು, ಬೆರೆಸುವುದು ದಂಡ ಎಂದವನು ನಾನು. ಈಗ ಬೆರೆಸೋಣವೆಂದರೆ ಒಳಗೆ ಜಾಗವೇ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಬೆಳಿಗ್ಗೆ ಆರಕ್ಕೆ ಪ್ರೆಷರ್ ಏರಿಸಿ ತಳ್ಳಿ. ಸಹಿ ನಿಮ್ದೇ ಇರ್ಲಿ," ಎಂದು ಮ್ಯಾನೇಜರ್ ಕಾಗದ ಕೊಟ್ಟರು.

ಅವರು ಹೋದ ಮೇಲೆ ಫೋರ್‌ಮನ್ ನನ್ನ ಮುಖ ನೋಡದೆ ಹೇಳಿದ: "ಹಳೇ ಪೈಪು ಸಾರ್. ಶಾಲೆ ಮೈದಾನದ ಕೆಳಗೇ ಹೋಗುತ್ತೆ."

ಗೊತ್ತು. ನನ್ನ ಮಗಳು ಓದುವುದು ಅಲ್ಲೇ.

ಏರಿಸದಿದ್ದರೆ ಪೈಪನ್ನು ಅಗೆದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ತಿಂಗಳುಗಟ್ಟಲೆ ಕೆಲಸ. ನನ್ನ ಕೆಲಸವಂತೂ ಹೋದ ಹಾಗೆಯೇ.

ಮನೆಗೆ ಬಂದರೆ ಮಗಳು ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಹಿಚುಕುತ್ತಾ ಕೂತಿದ್ದಳು. ಚಳಿಗೆ ಎಣ್ಣೆ ಗಟ್ಟಿಯಾಗಿತ್ತು.

"ಹಿಚುಕ್ಬೇಡ್ವೇ, ಒಡೆದ್ಹೋಗುತ್ತೆ. ಬಿಸಿನೀರಲ್ಲಿಡು," ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಮಗಳು ಬಾಟಲಿಯನ್ನು ನನ್ನ ಕೈಗಿಟ್ಟಳು. "ಅಪ್ಪಾ, ನಿಂಗೆ ಶಕ್ತಿ ಇದೆಯಲ್ಲ, ನೀನೇ ಒತ್ತು."

ಒತ್ತಲಿಲ್ಲ. ಬಿಸಿನೀರಲ್ಲಿಟ್ಟು, ಎಣ್ಣೆ ಕರಗುವವರೆಗೂ ಕಾವಲುಗಾರನ ಹಾಗೆ ಪಕ್ಕದಲ್ಲೇ ನಿಂತಿದ್ದೆ.

ಸಹಿಯ ಜಾಗದಲ್ಲಿ 'ಒತ್ತಬೇಡಿ' ಎಂದು ಬರೆದಿಟ್ಟಿದ್ದೇನೆ. ಬೆಳಿಗ್ಗೆ ಅದನ್ನು ಮ್ಯಾನೇಜರಿಗೆ ಕೊಡುತ್ತೇನೋ, ಇಲ್ಲ ಸಹಿ ಹಾಕಲು ಇನ್ನೊಂದು ಕಾಗದ ಕೇಳುತ್ತೇನೋ. ಬಾಟಲಿಗೆ ಒಂದು ಚೊಂಬು ನೀರು ಸಾಕಾಯಿತು. ನಲವತ್ತು ಕಿಲೋಮೀಟರ್ ಪೈಪಿಗೆ ಎಷ್ಟು ಬೇಕೋ.