ಖಾಲಿ ಸೀಟಿನ ಮೇಲಿನ ಟವೆಲ್

ನ್ಯಾಯಮೂರ್ತಿಗಳ ನೇಮಕದ ಕಡತದ ಮೇಲೆ ಕುಳಿತಿರುವ ಮಾನ್ಯ ಸಚಿವರೇ,

ಮೊದಲು ನನ್ನ ಅಪರಾಧದ ತಪ್ಪೊಪ್ಪಿಗೆ. ಕಳೆದ ಸೋಮವಾರ ಅಥಣಿ ನಿಲ್ದಾಣದಲ್ಲಿ, ಸತ್ತಿ ಊರಿಗೆ ಹೊರಟ ಬಸ್ಸಿನ ಕಿಟಕಿಯೊಳಗೆ ಕೈ ತೂರಿಸಿ ಇಬ್ಬರು ಕೂಡುವ ಸೀಟಿನ ಮೇಲೆ ಟವೆಲ್ ಹಾಸಿದೆ. ಒಂದು ಜಾಗ ನನಗೆ, ಇನ್ನೊಂದು ಮುಂದಿನ ಸ್ಟಾಪಿನಲ್ಲಿ ಹತ್ತಲಿದ್ದ ಗೆಳೆಯ ರಾಜಾರಾಮನಿಗೆ. ಇದಕ್ಕೆ ಕಾನೂನಿನಲ್ಲಿ ಯಾವ ಕಲಮಿದೆಯೋ ತಿಳಿಯದು. ಇದ್ದರೆ ವಿಚಾರಣೆಗೆ ಸಿದ್ಧ, ನ್ಯಾಯಮೂರ್ತಿಗಳು ಸಿಕ್ಕರೆ.

ಸಿಗುವುದು ಕಷ್ಟ. ದೇಶದ ಅತ್ಯುನ್ನತ ಪೀಠದ ಖಾಲಿ ಕುರ್ಚಿಗಳ ಮೇಲೆ ನಿಮ್ಮ ಟವೆಲ್ ಇದೆಯಲ್ಲ! ಹಿರಿಯ ನ್ಯಾಯಮೂರ್ತಿಗಳು ಹೆಸರು ಕಳಿಸುತ್ತಾರೆ. ಹಿಡಿಸಿದ ಹೆಸರಿಗೆ ಸಹಿ ಬೇಗ ಬೀಳುತ್ತದೆ. ಹಿಡಿಸದ್ದನ್ನು ನಾವು ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕಿದಂತೆ ಒಣಹಾಕುತ್ತೀರಿ. ನಾವು ಒಣಗಿಸುವುದು ಬೆಲೆ ಬರಲೆಂದು. ನೀವು? ಆ ಮನುಷ್ಯನಿಗೆ ನಿವೃತ್ತಿ ಬರಲೆಂದು. ಒಬ್ಬರು ನಾಲ್ಕು ದಿನ ಮೊದಲು ಪ್ರಮಾಣವಚನ ತೆಗೆದುಕೊಂಡರೆ ಹಿರಿತನ ಅವರದಾಗುತ್ತದೆ, ಮುಂದೆ ದೊಡ್ಡ ಕುರ್ಚಿಯೂ ಅವರದೇ. ಇದನ್ನು ಆಲಸ್ಯ ಎನ್ನುವವರು ನಿಮ್ಮ ಬುದ್ಧಿಗೆ ಅವಮಾನ ಮಾಡುತ್ತಾರೆ.

ಅದೇ ಬಸ್ಸಿನಲ್ಲಿ ಚನ್ನವ್ವ ಸಿಕ್ಕಳು. ಸತ್ತಿಯವಳು, ಎಪ್ಪತ್ತೆಂಟರ ವಯಸ್ಸು, ಕಂಕುಳಲ್ಲಿ ಕಾಗದದ ಚೀಲ. ಹೊಳೆದಂಡೆಯಲ್ಲಿರುವ ತಂದೆಯ ಹೊಲದಲ್ಲಿ ಮಗಳ ಪಾಲು ಕೇಳಿದ್ದಳು. ಎರಡು ಕೋರ್ಟುಗಳಲ್ಲಿ ಗೆದ್ದಳು. ಅಣ್ಣಂದಿರು ದಿಲ್ಲಿಗೆ ಹೋಗಿ ತಡೆ ತಂದರು.

"ಹನ್ನೊಂದ ವರ್ಸ ಆತ್ರಿ," ಎಂದಳು. "ಅವ್ರು ಕಬ್ಬ ಕಡ್ಯಾಕತ್ತಾರ, ನಾ ತಾರೀಖ ಎಣಸಾಕತ್ತೇನಿ. ಕುರ್ಚಿ ಖಾಲಿ ಅದಾವು ಅಂತಾರ ವಕೀಲ್ರು. ದಿಲ್ಲಿಯಾಗ ಕುಂಡ್ರಾಕ ಮಂದಿ ಸಿಗವಲ್ರೇನ್ರಿ?"

ನಿಮ್ಮ ಟವೆಲಿನ ಬಗ್ಗೆ ವಿವರಿಸಿದೆ. ಅವಳು ನಗಲಿಲ್ಲ. "ನಾ ಹ್ವಾದಮ್ಯಾಲ ತೀರ್ಪ ಬಂದ್ರ, ಹೊಲಕ್ಕ ತಿಳೀತೈತೇನ್ರಿ?" ಎಂದಳು. ಆ ಪ್ರಶ್ನೆಯನ್ನು ನಿಮಗೇ ರವಾನಿಸುತ್ತಿದ್ದೇನೆ.

ನನ್ನ ಬೇಡಿಕೆ ಸಣ್ಣದು. ಬಂದ ಹೆಸರುಗಳಿಗೆ ಬಂದ ಕ್ರಮದಲ್ಲೇ ಸಹಿ ಹಾಕಿ. ಬೇಡವೆಂದರೆ ಕಾರಣ ಬರೆದು, ಎಲ್ಲರೂ ಓದುವಂತೆ ಪ್ರಕಟಿಸಿ. ಚನ್ನವ್ವನ ಪಾಲಿನ ತೀರ್ಪನ್ನು ಚನ್ನವ್ವನೇ ಕೇಳಲಿ.

ನಿಮಗೂ ನನಗೂ ಅಂತರವಿದೆ, ವಯಸ್ಸಾದವರು ಕಂಡರೆ ನನ್ನ ಟವೆಲ್ ತಾನಾಗಿ ಏಳುತ್ತದೆ ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಆ ದಿನ "ಇಲ್ಲಿ ಯಾರರ ಬರ್ತಾರೇನ್ರಿ?" ಎಂದು ಚನ್ನವ್ವ ಕೇಳಿದಾಗ, "ಹೌದವ್ವಾ, ಬರ್ತಾರ" ಎಂದಿದ್ದೆ. ರಾಜಾರಾಮ ಬರಲೇ ಇಲ್ಲ. ಅಷ್ಟೂ ಮಾತು ಅವಳು ನಿಂತೇ ಆಡಿದ್ದು, ಸತ್ತಿಯವರೆಗೆ.

ಇಂತಿ,
ನಿಮ್ಮದೇ ಸಾಲಿನಲ್ಲಿ ಕೂತು ಬಂದ,
ಅಥಣಿಯ ಒಬ್ಬ ಪ್ರಯಾಣಿಕ