ಉಪ್ಪು ಹಾಕಿದ ತಟ್ಟೆ

ಸೇಂಟ್ ಜಾನ್ಸ್, ಮಾಂಟ್ಸೆರಾಟ್
೨೭ ಡಿಸೆಂಬರ್ ೨೦೦೪

ಆಸ್ಬರ್ನ್,

ಸತ್ತವರಿಗೆ ಉಪ್ಪು ಒಗ್ಗುವುದಿಲ್ಲ ಅಂತ ನಿನ್ನ ಅಮ್ಮ ಯಾವಾಗಲೋ ಹೇಳಿದ್ದರು. ಸಾರು ಕಲಕುತ್ತಲೋ, ಬಟ್ಟೆ ಹರವುತ್ತಲೋ, ಸರಿಯಾಗಿ ನೆನಪಿಲ್ಲ. ಎರಡು ದಿನದಿಂದ ಆ ಮಾತು ನನ್ನನ್ನು ಬಿಡುತ್ತಿಲ್ಲ.

ಲೆಸ್ಟರ್‌ನಿಂದ ನೀನು ಕಳಿಸಿದ ಕಾಗದ ತಲುಪಿದೆ. ಬೆಂಕಿಬೆಟ್ಟ ಸಿಡಿದು ಏಳು ವರ್ಷವಾಯಿತು. ಅಮ್ಮನನ್ನು ಕೊನೆಗೆ ಕಂಡವಳು ನಾನು. ಅವರು ತೀರಿಕೊಂಡರೆಂದು ಸಹಿ ಹಾಕಿದರೆ ಮುಗಿಯಿತು ಎಂದಿದ್ದೀಯ. ನಾವಿಬ್ಬರೂ ಬೇರೆಯಾದಾಗಲೂ ಹೀಗೇ ಒಂದು ಕಾಗದ ಬಂದಿತ್ತು. ಅದಕ್ಕೆ ಬೇಗ ಸಹಿ ಹಾಕಿದ್ದೆ.

ಈ ತಿಂಗಳು ಕಚೇರಿಯಲ್ಲಿ ದ್ವೀಪದ ಸ್ಥೂಲ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ಉದ್ದ ಹತ್ತು ಮೈಲಿ, ಅಗಲ ಏಳು. ರಾಜಧಾನಿ ಪ್ಲಿಮತ್. ರಾಜಧಾನಿಯ ಜನಸಂಖ್ಯೆ ಸೊನ್ನೆ. ಆ ಸೊನ್ನೆ ಬರೆದವಳು ಪೆನ್ನು ಬಿಟ್ಟು ಎದ್ದೆ. ಗುಡ್ಡ ಹತ್ತಿ ನೋಡಿದೆ. ಬೂದಿಯ ಮೇಲೆ ಮಾಡುಗಳ ಅಂಚು ಮಾತ್ರ ಕಾಣುತ್ತದೆ. ನಮ್ಮದೂ ಕಂಡಿತು, ಅಥವಾ ನಮ್ಮದೆಂದುಕೊಂಡೆ.

ಪಕ್ಕದ ಮನೆಯ ಮಿಸ್ ಡ್ಯಾಫ್ನೆ ಬೇಲಿಯಾಚೆಯಿಂದಲೇ ಕೂಗಿದಳು: "ಏನೇ ಹುಡುಗೀ, ಏಳು ಕ್ರಿಸ್‌ಮಸ್ ಆಯ್ತು, ಅತ್ತೆಗೆ ಇನ್ನೂ ತಟ್ಟೆ ಇಟ್ಟಿಲ್ವಲ್ಲೇ! ಸತ್ತೋರು ಹಸಿದು ಜಂಬಿಯಾಗಿ, ದೆವ್ವವಾಗಿ ಅಲೀವಾಗ ಸೊಸೆ ಮನೇನೇ ಮೊದ್ಲು ಹುಡುಕ್ಕೊಂಡ್ ಬರೋದು."

"ಬದ್ಕಿರೋರಿಗೆ ಇಟ್ರೆ ಸಾಯ್ತಾರಂತಲ್ಲ, ಮಿಸ್ ಡ್ಯಾಫ್ನೆ?"

"ಆ ಬೆಂಕೀಲಿ ಬದ್ಕೋಕೆ ಅವ್ಳೇನು ಕಲ್ಲಾ?" ಅಂದವಳೇ, "ಕಲ್ಲೇ ಬಿಡು, ನಂಗೊತ್ತಿಲ್ವಾ!" ಎಂದು ನಕ್ಕಳು.

ಇಟ್ಟು ನೋಡೋಣ, ಆಮೇಲೆ ಸಹಿ ಎಂದುಕೊಂಡೆ. ಕ್ರಿಸ್‌ಮಸ್ ಬೆಳಿಗ್ಗೆ ಆಡಿನ ಸಾರು ಮಾಡಿ, ಒಂದು ತಟ್ಟೆ, ಒಂದು ಲೋಟ ರಮ್ ಮೇಜಿನ ಮೇಲಿಟ್ಟೆ. ಸತ್ತವರು ಉಣ್ಣುವಾಗ ಮನೆಯಲ್ಲಿ ಯಾರೂ ಇರಬಾರದಲ್ಲ, ಬೀಗ ಹಾಕಿ ಚರ್ಚಿಗೆ ಹೋದೆ. ಡ್ಯಾಫ್ನೆ ನನ್ನ ಪಕ್ಕದಲ್ಲೇ ಅಪಸ್ವರದಲ್ಲಿ ಹಾಡುತ್ತಿದ್ದಳು. ಎರಡನೆಯ ಹಾಡಿನ ನಡುವೆ ನೆನಪಾಯಿತು: ಕೈ ಅಭ್ಯಾಸದಲ್ಲಿ ಸಾರಿಗೆ ಉಪ್ಪು ಹಾಕಿಬಿಟ್ಟಿದ್ದೆ. ಸತ್ತವರು ಮುಟ್ಟದ ಊಟ. ನಿಜ ಹೇಳಬೇಕೆಂದರೆ, ಹಗುರವೆನಿಸಿತು.

ಮರಳಿದಾಗ ಬೀಗ ಹಾಕಿದಂತೆಯೇ ಇತ್ತು. ಮೇಜಿನ ಮೇಲೆ ರಮ್ ಇತ್ತು, ಹನಿಯೂ ಕಡಿಮೆಯಾಗಿರಲಿಲ್ಲ. ನಿನ್ನ ಅಮ್ಮ ರಮ್ ಮುಟ್ಟುತ್ತಿರಲಿಲ್ಲ. ತಟ್ಟೆ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಚಮಚ ಅದರ ಅಡಿಯಲ್ಲಿ. ಹಾಗೆ ಇಡುತ್ತಿದ್ದವರು ಯಾರೆಂದು ನಿನಗೆ ಹೇಳಬೇಕಿಲ್ಲ.

ಉಪ್ಪು ಉಂಡವರನ್ನು ಸತ್ತರೆಂದು ನಾನು ಬರೆದುಕೊಡಲಾರೆ. ಕಾಗದವನ್ನು ಹಾಗೆಯೇ ಹಿಂದಿರುಗಿಸುತ್ತಿದ್ದೇನೆ.

ಇಂತಿ,
ಎರ್ಮಿನಾ

ಮತ್ತೆ: ಬೆಟ್ಟ ಸಿಡಿದ ಆ ದಿನ ಕೋಳಿಗೆ ಕಾಳು ಹಾಕಲು ಅಮ್ಮ ತಾವೇ ಪ್ಲಿಮತ್‌ಗೆ ಹೋದರೆಂದು ನಿನಗೆ ಬರೆದಿದ್ದೆ. ಅದು ಸುಳ್ಳು. ಊರು ಖಾಲಿ ಮಾಡಿ ಬಂದ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ನನ್ನನ್ನು ಕೊರೆಯುತ್ತಿತ್ತು. ನೋಡಿ ಬನ್ನಿ ಎಂದು ನಾನೇ ಕಳಿಸಿದೆ. ಅವರು ಬರಲಿಲ್ಲ, ಉತ್ತರವೂ ಬರಲಿಲ್ಲ. ನಿನ್ನೆಯಿಂದ ಹೊರಗೆ ಹೋಗುವಾಗ ನಾನು ಈ ಮನೆಗೆ ಬೀಗ ಹಾಕುತ್ತಿಲ್ಲ. ಬೋರಲು ಹಾಕಿದ ಆ ತಟ್ಟೆಯನ್ನು ಎತ್ತಿಯೂ ಇಲ್ಲ. ಅದರ ಮುಂದೆ ಕೂತು ಒಂದನ್ನೇ ಕೇಳುತ್ತಿರುತ್ತೇನೆ: ಅಮ್ಮಾ, ಆ ಬಾಗಿಲಿಗೆ ಬೀಗ ಹಾಕಿತ್ತೇ?